ಎರಡು ಜೀಪುಗಳ ನಡುವಿನ ಸಣ್ಣ ದೇಶ

ಇದು ಹೀಗೆಯೇ ನಡೆಯಿತು ಎಂದು ಆಣೆ ಮಾಡಿ ಹೇಳಲಾರೆ. ಈ ಕತೆಯನ್ನು ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಹೇಳಿದ್ದೇನೆ, ಮದುವೆಯ ಊಟದ ಪಂಕ್ತಿಯಲ್ಲಿ ಹೇಳಿದ್ದೇನೆ, ಒಮ್ಮೆ ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಅರ್ಧ ಬಾಯಿ ತೆರೆದುಕೊಂಡೂ ಹೇಳಿದ್ದೇನೆ. ಪ್ರತಿ ಸಲವೂ ಕುರಿಗಳು ಹೆಚ್ಚಾಗಿವೆ. ಮೊದಲ ಸಲ ಹೇಳಿದಾಗ ಅವು ರಸ್ತೆಯ ಒಂದು ಬದಿಗೆ ಮಾತ್ರ ಇದ್ದವೆಂದು ನೆನಪು. ಈಗ ಎರಡೂ ಜೀಪುಗಳನ್ನು ಸುತ್ತುವರಿದು ನಿಂತಿವೆ.

ನಾನು ಸಂಶೋಧನೆ ಕಲಿತವನು. ಒಂದು ಮಾತನ್ನು ನಂಬಬೇಕಾದರೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂಲಗಳಾದರೂ ಬೇಕು ಎಂದು ನನಗೆ ಕಲಿಸಿದ್ದಾರೆ. ಆ ಬೆಳಿಗ್ಗೆ ಮಹಾರಾಷ್ಟ್ರದ ಗಡಿಯೊಳಗಿರುವ ನಮ್ಮೂರು ಉಟಗಿಯ ಸ್ಟ್ಯಾಂಡಿನಲ್ಲಿದ್ದ ಮೂಲಗಳೆಲ್ಲ ಒಂದಕ್ಕೊಂದು ಸಂಬಂಧವುಳ್ಳವು, ಹೆಚ್ಚಿನವು ನನಗೂ ಸಂಬಂಧಿಕರು. ಅವ್ವ ತಾನು ಅಲ್ಲಿರಲೇ ಇಲ್ಲ ಎನ್ನುತ್ತಾಳೆ. ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ತನ್ನ ಬೇಳೆ ಹುಟ್ಟಿದಾಗಿನಿಂದ ಹೊತ್ತಿಲ್ಲ ಎನ್ನುತ್ತಾಳೆ. ಬೇಳೆ ಹುಟ್ಟಿದಾಗಿನಿಂದಲೋ ಕಾಕು ಹುಟ್ಟಿದಾಗಿನಿಂದಲೋ ಎಂದು ಕೇಳುವ ಧೈರ್ಯ ನನಗಿಲ್ಲ.

ಆಗ ನಾನು ಪಿಎಚ್.ಡಿ.ಯ ಕೊನೆಯ ಹಂತದಲ್ಲಿದ್ದೆ. ದೊಡ್ಡ ದೇಶಗಳ ಪೈಪೋಟಿ ದಿನದಿನಕ್ಕೆ ಬಿರುಸಾಗುತ್ತಿರುವಾಗ ಸಣ್ಣ ದೇಶಗಳು ಯಾರ ಕಡೆಗೂ ವಾಲದೆ ವಿದೇಶಾಂಗ ನೀತಿಯನ್ನು ಹೇಗೆ ನಡೆಸುತ್ತವೆ ಎಂಬುದು ನನ್ನ ವಿಷಯ. ಓಣಿಯ ಹೆಂಗಸರು ಕೇಳಿದರೆ ಅವ್ವ ಇದನ್ನು ತನ್ನದೇ ರೀತಿಯಲ್ಲಿ ವಿವರಿಸುತ್ತಿದ್ದಳು: ಎರಡು ದೊಡ್ಡ ದೇಶ ಜಗಳಾಡುವಾಗ ಸಣ್ಣ ದೇಶ ಎಲ್ಲಿ ಕೂರಬೇಕು ಅಂತ ಓದುತ್ತಿದ್ದಾನೆ. ಅಷ್ಟಕ್ಕೆ ಇಷ್ಟು ವರ್ಷ ಬೇಕೇ ಎಂದು ಅವರು ಕೇಳಿದರೆ, ಸೀಟು ಸಿಗಬೇಕಲ್ಲ ಎನ್ನುತ್ತಿದ್ದಳು. ನನ್ನ ಮುನ್ನುಡಿಯಲ್ಲಿ ಇದಕ್ಕಿಂತ ಸ್ಪಷ್ಟವಾದ ವಾಕ್ಯ ಒಂದೂ ಇಲ್ಲ.

ಸೀಟಿನ ಮಾತು ಅವ್ವನಿಗೆ ಸುಮ್ಮನೆ ಹೊಳೆದದ್ದಲ್ಲ. ನಮ್ಮ ಮನೆಯಲ್ಲಿ ಎರಡು ಮಹಾಶಕ್ತಿಗಳಿದ್ದವು, ಎರಡಕ್ಕೂ ಒಂದೊಂದು ಬಾಡಿಗೆ ಜೀಪು ಇತ್ತು. ಒಂದು ಅಪ್ಪನ ತಮ್ಮನದು, ಅಂದರೆ ಕಾಕಾನದು. ಇನ್ನೊಂದು ಅವ್ವನ ಅಣ್ಣನದು, ಅಂದರೆ ಮಾಮಾನದು. ಅವ್ವನನ್ನು ಅದೇ ಊರಿನ ಎದುರು ಓಣಿಗೆ ಕೊಟ್ಟಿದ್ದರಿಂದ ಈ ಎರಡು ಶಕ್ತಿಗಳ ನಡುವೆ ಸಮುದ್ರವಿಲ್ಲ, ಬೆಟ್ಟವಿಲ್ಲ, ಒಂದು ಚರಂಡಿ ಮಾತ್ರ ಇದೆ. ಇಬ್ಬರೂ ಒಮ್ಮೆ ಗ್ರಾಮ ಪಂಚಾಯತಿ ಚುನಾವಣೆಗೆ ಒಬ್ಬರ ಎದುರು ಒಬ್ಬರು ನಿಂತಿದ್ದರು. ಇಬ್ಬರೂ ಸೋತು, ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಮೂರನೆಯವನು ಗೆದ್ದಿದ್ದ. ಅಂದಿನಿಂದ ನಮ್ಮ ಮನೆಯಲ್ಲಿ ಪಂಚಾಯತಿ ಎಂಬ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಪೈಪೋಟಿಯೆಲ್ಲ ಜೀಪುಗಳಿಗೆ ವರ್ಗವಾಯಿತು.

ಕಾಕಾ ಜೀಪಿಗೆ ಹಾಡಿನ ಪೆಟ್ಟಿಗೆ ಹಾಕಿಸಿದ. ಮಾಮಾ ಎರಡು ಹಾಕಿಸಿದ. ಕಾಕಾ ಹಾರ್ನನ್ನು ಮದುವೆಯ ವಾಲಗದಂತೆ ಮಾಡಿಸಿದ. ಮಾಮಾ ಸಾಂಗಲಿಗೆ ಹೋಗಿ, ಗಾಡಿ ಹಿಂದಕ್ಕೆ ಬರುವಾಗ ಹೆಣ್ಣುಮಗಳೊಬ್ಬಳು ಇಂಗ್ಲಿಷಿನಲ್ಲಿ ಎಚ್ಚರಿಸುವ ಯಂತ್ರ ಹಾಕಿಸಿಕೊಂಡು ಬಂದ. ಆಮೇಲೆ ಕೆಲವು ವಾರ ಅಗತ್ಯವಿರಲಿ ಬಿಡಲಿ, ಮಾಮಾ ಸ್ಟ್ಯಾಂಡಿಗೆ ಹಿಂದುಮುಂದಾಗಿಯೇ ಬರುತ್ತಿದ್ದ.

ನಾನು ಎರಡೂ ಕಡೆಗೆ ಸಮಾನ ದೂರದ ನೀತಿ ಇಟ್ಟುಕೊಂಡಿದ್ದೆ. ತಾಲೂಕು ಊರಾದ ಜತ್ತಿಗೆ ಹೋಗುವಾಗ ಕಾಕಾನ ಜೀಪು, ಬರುವಾಗ ಮಾಮಾನದು. ಸ್ಟ್ಯಾಂಡಿನಲ್ಲಿ ಒಬ್ಬ ಚಹಾ ಕುಡಿಸಿದರೆ ಇನ್ನೊಬ್ಬನದನ್ನೂ ಕುಡಿಯಬೇಕು. ಆ ವರ್ಷಗಳಲ್ಲಿ ನನಗೆ ಬಂದ ಹೊಟ್ಟೆಯುರಿಗೆ ಡಾಕ್ಟರರು ಓದಿನ ಚಿಂತೆ ಕಾರಣ ಎಂದರು. ಕಾರಣ ವಿದೇಶಾಂಗ ನೀತಿ. ಅಪ್ಪನದು ಬೇರೆಯೇ ದಾರಿ. ಪೈಪೋಟಿ ಜೋರಾದ ದಿನ ಅವನು ಹೊಲದಲ್ಲಿ ಏನಾದರೂ ಕೆಲಸ ಹುಡುಕಿಕೊಂಡು ಮಾಯವಾಗುತ್ತಿದ್ದ. ಅಂಥ ದೇಶಗಳಿಗೆ ನನ್ನ ಪ್ರಬಂಧದಲ್ಲಿ ಒಂದು ಇಡೀ ಅಧ್ಯಾಯವಿದೆ.

ಈಗ ಆ ದಿನಕ್ಕೆ ಬರುತ್ತೇನೆ. ಪ್ರಬಂಧ ಒಪ್ಪಿಸುವ ಮುಂಚೆ ವಿಭಾಗದ ಸಮಿತಿಯ ಎದುರು ಒಂದು ಕೊನೆಯ ಮಂಡನೆ ಮಾಡಬೇಕಿತ್ತು. ಅದು ಆ ಮಧ್ಯಾಹ್ನ, ಜತ್ತಿನಿಂದ ಬಸ್ಸು ಹಿಡಿದು ಹೋಗಬೇಕಾದ ನಗರದಲ್ಲಿ. ಅದು ತಪ್ಪಿದರೆ ಮುಂದಿನ ಸಮಿತಿ ಸೇರುವಷ್ಟರಲ್ಲಿ ನನ್ನ ಮಾರ್ಗದರ್ಶಕರು ನಿವೃತ್ತರಾಗಿರುತ್ತಿದ್ದರು. ಆಗ ನಾನು ವಿಭಾಗದಲ್ಲಿ ಉಳಿದಿದ್ದ ಇನ್ನೊಬ್ಬ ಪ್ರಾಧ್ಯಾಪಕರ ಕೈಗೆ ಸಿಗುತ್ತಿದ್ದೆ. ಅವರು ತುಂಬ ಒಳ್ಳೆಯವರು, ಆದರೆ ಎಲ್ಲ ವಿದ್ಯಾರ್ಥಿಗಳಿಂದಲೂ ಪಂಚಾಯತ್ ರಾಜ್ ಬಗ್ಗೆಯೇ ಬರೆಸುತ್ತಿದ್ದರು. ಅಂತಾರಾಷ್ಟ್ರೀಯ ಸಮುದ್ರ ಕಾನೂನು ಎಂದು ಹೋದ ನನ್ನ ಗೆಳೆಯನೊಬ್ಬ ಎರಡು ವರ್ಷದ ನಂತರ ಕುಡಿಯುವ ನೀರಿನ ಸಮಿತಿಗಳ ಬಗ್ಗೆ ಪ್ರಬಂಧ ಹಿಡಿದುಕೊಂಡು ಹೊರಗೆ ಬಂದಿದ್ದ. ನೀರು ನೀರೇ ಅಲ್ಲವೇ ಎಂದು ಅವನಿಗೆ ಸಮಾಧಾನ ಹೇಳಿದ್ದರಂತೆ.

ಬೆಳಿಗ್ಗೆ ಜತ್ತಿಗೆ ಹೋಗುವ ಸರಕಾರಿ ಎಸ್.ಟಿ. ಬಸ್ಸೊಂದು ಉಟಗಿಗೆ ಬರಬೇಕು. ಹಿಂದಿನ ಕೆಲವು ದಿನ ಅದು ಬಂದಿರಲಿಲ್ಲ. ಹಾಗಾಗಿ ಅದರ ಬಗ್ಗೆ ಯಾರೂ ಯೋಚಿಸುತ್ತಿರಲಿಲ್ಲ, ನಾನೂ ಯೋಚಿಸಲಿಲ್ಲ. ಚೀಲದಲ್ಲಿ ಪ್ರಬಂಧದ ಪ್ರತಿಗಳು, ಅವುಗಳ ಮೇಲೆ ಮಾರ್ಗದರ್ಶಕರಿಗೆಂದು ಅವ್ವ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅವ್ವ ಬುತ್ತಿ ಕಟ್ಟಿಟ್ಟು ಗುಡಿಗೆಂದು ಮೊದಲೇ ಹೊರಗೆ ಹೋಗಿದ್ದಳು.

ಸ್ಟ್ಯಾಂಡಿನಲ್ಲಿ ಎರಡೂ ಜೀಪು ಅಕ್ಕಪಕ್ಕ ನಿಂತಿದ್ದವು, ಎರಡೂ ತುಂಬಿದ್ದವು. ನನಗೆ ಸಮಾಧಾನವಾಯಿತು. ನಮ್ಮ ಕಡೆ ಜೀಪು ತುಂಬದೆ ಬಿಡುವುದಿಲ್ಲ. ಖಾಲಿ ಜೀಪಿಗೆ ಯಾರೂ ಹತ್ತುವುದಿಲ್ಲ, ಹತ್ತಿದರೆ ಅದು ತುಂಬುವವರೆಗೆ ಕಾಯಬೇಕು. ಆದ್ದರಿಂದ ಎಲ್ಲರೂ ಇನ್ನೇನು ಹೊರಟೀತು ಎನ್ನುವಂತಿರುವ ಜೀಪಿಗೇ ಹತ್ತುತ್ತಾರೆ. ಅದಕ್ಕೆ ಡ್ರೈವರುಗಳು ಒಂದು ಉಪಾಯ ಮಾಡುತ್ತಾರೆ. ಮೊದಲು ತಮ್ಮ ಮನೆಯ ನಾಲ್ಕು ಜನರನ್ನು ಜೀಪಿನಲ್ಲಿ ಕೂರಿಸಿ ತುಂಬಿದಂತೆ ತೋರಿಸುವುದು. ನಿಜವಾದ ಪ್ರಯಾಣಿಕರು ಬಂದ ಹಾಗೆ ಅವರು ಒಬ್ಬೊಬ್ಬರಾಗಿ ಇಳಿದು ಮನೆಗೆ ಹೋಗುವುದು. ಇದು ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಅವಸರವಿದ್ದಾಗ ನೆನಪಾಗುವುದು ಬೇರೆ.

ನಾನು ಹತ್ತಿರ ಹೋಗುವಷ್ಟರಲ್ಲಿ ಮಾಮಾ ಬಂದು ಚೀಲ ಇಸಿದುಕೊಂಡು ತನ್ನ ಜೀಪಿನ ಮೇಲಕ್ಕೆ ಏರಿಸಿ ಹಗ್ಗ ಬಿಗಿದ. ಅದೇ ಗಳಿಗೆಯಲ್ಲಿ ಕಾಕಾ ನನ್ನ ರಟ್ಟೆ ಹಿಡಿದು ತನ್ನ ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿದ, ಹೋಗುವ ಪಾಳಿ ಅವನದಲ್ಲವೇ. ಸ್ಟ್ಯಾಂಡಿನ ಪದ್ಧತಿ ಏನೆಂದರೆ, ಚೀಲ ಯಾರ ಜೀಪಿನ ಮೇಲೆ ಏರಿತೋ ಪ್ರಯಾಣಿಕ ಅವರವನು. ಏರಿದ ಚೀಲವನ್ನು ಇಳಿಸಿ ಇನ್ನೊಂದಕ್ಕೆ ಹಾಕುವುದೆಂದರೆ ಮುಖಕ್ಕೆ ಹೊಡೆದ ಹಾಗೆ. ಕುಳಿತ ಜೀಪಿನಿಂದ ಎದ್ದು ಪಕ್ಕದ ಜೀಪಿಗೆ ಹೋಗುವುದೂ ಅಷ್ಟೇ. ಪದ್ಧತಿಯ ಪ್ರಕಾರ ಈಗ ನಾನು ಇಬ್ಬರಿಗೂ ಸೇರಿದವನಾಗಿದ್ದೆ. ದೇಹ ಒಂದು ಬಣದಲ್ಲಿ, ಪ್ರಬಂಧ ಇನ್ನೊಂದು ಬಣದಲ್ಲಿ. ಇಂಥ ಸ್ಥಿತಿಗೆ ನನ್ನ ಮೂರನೆಯ ಅಧ್ಯಾಯದಲ್ಲಿ ಒಂದು ಒಳ್ಳೆಯ ಹೆಸರಿದೆ. ಅಲ್ಲಿ ಅದನ್ನು ಲಾಭ ಎಂದು ವಾದಿಸಿದ್ದೇನೆ.

ಎರಡೂ ಹೊರಡಲಿಲ್ಲ. ಯಾವಾಗ ಬಿಡುತ್ತೀರಿ ಎಂದು ಕೇಳಿದರೆ ಕಾಕಾ ಈಗ ಬಿಟ್ಟೆ ಅಂತ ತಿಳಿ ಎಂದ. ನಾನು ಹಾಗೆಯೇ ತಿಳಿದುಕೊಂಡು ಕುಳಿತೆ. ಹೊರಗೆ ಇಬ್ಬರು ಡ್ರೈವರುಗಳ ನಡುವೆ ರಾಜತಾಂತ್ರಿಕ ಮಾತುಕತೆ ನಡೆದಿತ್ತು.

"ಬೀಗರ, ನಿಮ್ಮದು ತುಂಬೇತಿ. ಬಿಡ್ರಿ ನೀವು," ಎಂದ ಕಾಕಾ.

"ಛೇ, ನಿಮ್ಮದ ಮೊದಲ ತುಂಬೇತ್ರಿ. ನಿಮ್ಮನ್ನ ದಾಟಿ ನಾವು ಹ್ಯಾಂಗ ಹೋಗೂದು," ಎಂದ ಮಾಮಾ.

ಅಷ್ಟು ಮರ್ಯಾದೆ ಅವರ ನಡುವೆ ನಾನು ಹಿಂದೆಂದೂ ಕೇಳಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಒಬ್ಬೊಬ್ಬನಿಗೂ ತನ್ನ ಜೀಪಿನಲ್ಲಿರುವವರು ತೋರಿಕೆಯವರು ಎಂದು ಗೊತ್ತು, ಎದುರಿನ ಜೀಪಿನವರು ಮಾತ್ರ ನಿಜವಾದ ಪ್ರಯಾಣಿಕರು ಎಂದು ನಂಬಿದ್ದಾನೆ. ಅವನು ತೊಲಗಿದರೆ ಆಮೇಲೆ ಬರುವವರೆಲ್ಲ ತನಗೇ ಎಂದು ಇಬ್ಬರೂ ಕಾಯುತ್ತಿದ್ದಾರೆ. ಇದನ್ನು ನಾನು ಅಲ್ಲೇ ಕಂಡುಕೊಂಡೆ ಎಂದು ಹಲವರ ಎದುರು ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಬಹುಶಃ ಮರುವಾರ ಸ್ನಾನ ಮಾಡುವಾಗ ಹೊಳೆಯಿತು.

ಮಾರ್ಗದರ್ಶಕರ ಫೋನು ಬಂತು. ಎಲ್ಲಿದ್ದೀರಿ ಎಂದರು. ಜೀಪಿನಲ್ಲಿ ಕುಳಿತಿದ್ದೇನೆ ಸರ್ ಎಂದೆ. ಅದರಲ್ಲಿ ಸುಳ್ಳಿರಲಿಲ್ಲ.

ಫೋನು ಇಟ್ಟು ನೋಡುತ್ತೇನೆ, ಪಕ್ಕದ ಜೀಪಿನ ಕಿಟಕಿಯಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಂಡು ಅವ್ವ ಕುಳಿತಿದ್ದಾಳೆ. ನನ್ನನ್ನು ನೋಡಿ ಅಪರಿಚಿತಳಂತೆ ಮುಖ ತಿರುಗಿಸಿದಳು. ನನ್ನ ಎದುರಿನ ಸೀಟಿನಲ್ಲಿ, ಅಷ್ಟೇ ಗಂಭೀರವಾಗಿ, ಕಾಕಾನ ಹೆಂಡತಿ. ನಾನು ಹತ್ತಿದಾಗಿನಿಂದ ಆಕೆ ಸೆರಗನ್ನು ಮುಖದವರೆಗೆ ಎಳೆದುಕೊಂಡಿದ್ದರಿಂದ ಗುರುತು ಸಿಕ್ಕಿರಲಿಲ್ಲ. ಈಗ ಕಿಟಕಿಯಿಂದ ಕಿಟಕಿಗೆ ಬಾಯಿ ಬಿಟ್ಟಳು.

"ಅಕ್ಕಾರ, ಎಲ್ಲಿಗೆ ಹೊಂಟೀರಿ?"

"ಜತ್ತಕ್ಕ," ಎಂದಳು ಅವ್ವ.

"ಕಾಲಾಗ ಚಪ್ಪಲಿಲ್ಲ, ಕೈಯಾಗ ಚೀಲಿಲ್ಲ. ಜತ್ತಕ್ಕ ಹಿಂಗ ಹೊಂಟೀರಿ?"

"ಹರಕಿ ಐತವ್ವ. ನೀ ಎಲ್ಲಿಗೆ?"

"ನಾನೂ ಜತ್ತಕ್ಕ. ಬ್ಯಾಂಕಿನ್ಯಾಗ ಕೆಲಸ ಐತಿ."

ಅವ್ವ ಮೂಗು ಮೇಲೆತ್ತಿ ಗಾಳಿ ಎಳೆದುಕೊಂಡಳು.

"ಬ್ಯಾಂಕಿನ ಕೆಲಸ ಲಗೂನ ಮುಗಿಸವ್ವ," ಎಂದಳು. "ನಿನ್ನ ಬ್ಯಾಳಿ ಹೊತ್ತಾಕತ್ತೇತಿ."

ವಾಸನೆ ನನಗೂ ಬಂತು. ಕಾಕಾನ ಮನೆ ಸ್ಟ್ಯಾಂಡಿಗೆ ಅಂಟಿಕೊಂಡಂತೆ ಇದೆ. ಕಾಕು ಒಂದು ಗಳಿಗೆ ಸಂಸ್ಥಾನದ ರಾಣಿಯಂತೆ ಕುಳಿತೇ ಇದ್ದಳು. ಆಮೇಲೆ ನನ್ನ ಮೊಣಕಾಲು ದಾಟಿ ಹಾರಿದಳು. ಅವಳ ಹಿಂದೆ ಅವಳ ಅತ್ತಿಗೆ ಬೇಳೆ ನೋಡುತ್ತೇನೆಂದು ಇಳಿದಳು, ಅತ್ತಿಗೆಯ ಹಿಂದೆ ಆಕೆಯ ಸೊಸೆ, ಸೊಸೆಯ ಹಿಂದೆ ಮುಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಒಬ್ಬ ಹಿರಿಯರು, ಬೇಳೆಗೂ ಅವರಿಗೂ ಏನು ಸಂಬಂಧವೋ ತಿಳಿಯದು. ಬಣ ಒಡೆಯುವುದು ಎಂದರೇನು ಎಂದು ನಾನು ಬಹಳ ಓದಿದ್ದೆ. ಇಷ್ಟು ಬೇಗ ಒಡೆಯುತ್ತದೆ ಎಂದು ಯಾರೂ ಬರೆದಿರಲಿಲ್ಲ. ಕಾಕಾನ ಜೀಪಿನಲ್ಲಿ ನಾನೊಬ್ಬನೇ ಉಳಿದೆ.

ಮಾಮಾ ನಕ್ಕ. ತನ್ನ ಜೀಪಿನ ಬಾನೆಟ್ಟಿಗೆ ಕೈ ಊರಿ, ಊರಿಗೆಲ್ಲ ಕೇಳುವಂತೆ ನಕ್ಕು, ಹಾಡಿನ ಎರಡೂ ಪೆಟ್ಟಿಗೆಗಳನ್ನು ಜೋರು ಮಾಡಿದ. ಕಾಕಾ ತನ್ನದನ್ನೂ ಜೋರು ಮಾಡಿದ. ಆ ಗದ್ದಲದಲ್ಲಿಯೇ ಕುರಿಗಳು ಬಂದವು.

ಮಾಮಾನ ಜೀಪಿನ ಮೇಲೆ, ನನ್ನ ಚೀಲದ ಪಕ್ಕದಲ್ಲಿ, ಅವನ ನೆರೆಮನೆಯ ಕುರಿಗಾರ ಪ್ರಯಾಣಿಕನಂತೆ ಕುಳಿತಿದ್ದ. ಇದೋ ಬಂದೆ ಎಂದು ಹಿಂಡನ್ನು ಊರ ಹೊರಗಿನ ಬಯಲಿನಲ್ಲಿ ಬಿಟ್ಟು ಬಂದಿದ್ದನಂತೆ. ಬಹಳ ಹೊತ್ತು ಕಾದು ಹಿಂಡು ತಾನೇ ಅವನನ್ನು ಹುಡುಕಿಕೊಂಡು ಬಂತು. ಅದಕ್ಕೆ ಜೀಪಿನ ರಾಜಕೀಯ ತಿಳಿಯದು. ಬಂದು, ತಲೆ ಎತ್ತಿ ಅವನನ್ನು ನೋಡುತ್ತ, ಸುತ್ತ ನಿಂತುಬಿಟ್ಟಿತು. ಕುರಿಗಾರ ಮೊದಲು ಇವು ತನ್ನವಲ್ಲ ಎಂಬಂತೆ ಬೇರೆ ಕಡೆ ನೋಡಿದ. ಹಿಂಡು ಅರಚಿತು. ಕೊನೆಗೆ ಮಾಮಾನ ಮುಖ ನೋಡುತ್ತ, ಬೈಸಿಕೊಳ್ಳುವವನ ಹಾಗೆ, ನಿಧಾನವಾಗಿ ಇಳಿದ. ಅವನು ಇಳಿದದ್ದೇ ತಡ, ಒಳಗಿದ್ದ ಇತರರೂ ಮುಗಿಯಿತು ಎಂದುಕೊಂಡು ಇಳಿದು ಕುರಿಗಳ ನಡುವೆ ದಾರಿ ಮಾಡಿಕೊಂಡು ಮನೆಗೆ ನಡೆದರು. ಅವ್ವ ಮಾತ್ರ ಇಳಿಯಲಿಲ್ಲ. ಜತ್ತಿಗೆ ಎಂದು ಬಾಯಿ ಬಿಟ್ಟು ಹೇಳಿಯಾಗಿತ್ತು.

ಆ ಧೂಳು, ಆ ಹಾಡುಗಳು, ಆ ಅರಚಾಟದ ನಡುವೆ ನನಗೆ ಎಲ್ಲೋ ಹಿಂದಿನಿಂದ ಗಂಟೆಯ ಸದ್ದು ಕೇಳಿಸಿತು. ಟಣ್ ಟಣ್, ಎರಡು ಸಲ. ಕುರಿಯ ಕೊರಳಿನದು ಎಂದುಕೊಂಡೆ. ತಿರುಗಿ ನೋಡಲಿಲ್ಲ, ಕಣ್ಣು ಚೀಲದ ಮೇಲಿತ್ತು. ಕುರಿಗಾರ ಇಳಿಯುವಾಗ ಹಗ್ಗ ಸಡಿಲವಾಗಿ ಚೀಲ ವಾಲುತ್ತಿತ್ತು, ಕೆಳಗೆ ಹಸಿದ ಒಂದು ಹಿಂಡು ತಲೆ ಎತ್ತಿ ನಿಂತಿತ್ತು.

ಅವ್ವನನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಈಗ ಸ್ಟ್ಯಾಂಡಿನಲ್ಲಿ ಎರಡು ಖಾಲಿ ಜೀಪು, ಇಬ್ಬರು ಡ್ರೈವರು, ಇಬ್ಬರಿಗೂ ಸೇರಿದ ಒಬ್ಬನೇ ಪ್ರಯಾಣಿಕ. ಇಬ್ಬರೂ ನೆಲ ನೋಡುತ್ತಿದ್ದರು. ಸಮಾನ ದೂರ ಕಾಯ್ದುಕೊಂಡ ಸಣ್ಣ ದೇಶ ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಎಂಬುದು ನನ್ನ ಐದನೆಯ ಅಧ್ಯಾಯ. ಅದು ಚೀಲದಲ್ಲಿತ್ತು, ನನಗೆ ನೆನಪಿರಲಿಲ್ಲ. ಹಾಗಾಗಿ ಬಾಯಿಗೆ ಬಂದದ್ದನ್ನು ಹೇಳಿದೆ.

"ಕಾಕಾ, ಮಾಮಾ, ಇವತ್ತ ನಾ ಹೊತ್ತಿಗೆ ಮುಟ್ಟಲಿಲ್ಲಂದ್ರ ನನ್ನ ಓದೆಲ್ಲಾ ಹೋತು. ಇನ್ನ ಮುಂದ ಪಂಚಾಯತಿ ಮ್ಯಾಲ ಬರೀಬೇಕಾಗತೇತಿ."

ಪಂಚಾಯತಿ ಎಂಬ ಮಾತು ಬಿದ್ದದ್ದೇ ಇಬ್ಬರೂ ತಲೆ ಎತ್ತಿದರು. ಯಾವ ಪಂಚಾಯತಿ ಎಂದು ಮಾಮಾ ಕೇಳಿದ. ಎಲ್ಲ ಪಂಚಾಯತಿ, ಯಾರು ನಿಂತರು, ಯಾರು ಸೋತರು, ಯಾಕೆ ಸೋತರು, ಎಲ್ಲ ಬರೆಯಬೇಕು ಎಂದೆ. ಕೊನೆಯ ಭಾಗವನ್ನು ನಾನು ಆಗ ಹೇಳಿದೆನೋ ಆಮೇಲೆ ಕತೆಗೆ ಸೇರಿಸಿದೆನೋ ಖಚಿತವಿಲ್ಲ.

"ನಮ್ಮೂರದೂ ಬರೀಬೇಕ?" ಎಂದ ಕಾಕಾ.

"ಮೊದಲ ನಮ್ಮೂರದ."

ಎರಡೂ ಇಂಜಿನು ಒಟ್ಟಿಗೆ ಶುರುವಾದವು. ಯಾರ ಜೀಪಿನಲ್ಲಿ ಹೋಗಬೇಕು ಎಂಬ ಮಾತೇ ಏಳಲಿಲ್ಲ. ಚೀಲ ಇಳಿಸುವಂತಿಲ್ಲ, ನಾನು ಏಳುವಂತಿಲ್ಲ. ಆದ್ದರಿಂದ ಎರಡೂ ಹೊರಟವು. ಒಂದರಲ್ಲಿ ನಾನು, ಇನ್ನೊಂದರಲ್ಲಿ ನನ್ನ ಪ್ರಬಂಧ ಮತ್ತು ಅವ್ವ. ಕುರಿಗಳನ್ನು ಸರಿಸಲು ಕಾಕಾ ವಾಲಗ ಊದಿಸಿದ. ಮಾಮಾ ಮುಂದೆ ದಾರಿ ಸಿಗದೆ ಹಿಂದಕ್ಕೆ ತೆಗೆದ. ಹೆಣ್ಣುಮಗಳು ಇಂಗ್ಲಿಷಿನಲ್ಲಿ ಎಚ್ಚರಿಸಿದಳು. ಕುರಿಗಳು ಅವಳ ಮಾತಿಗೆ ಬೇಗ ಸರಿದವು, ಇದನ್ನು ಮಾಮಾ ಇಂದಿಗೂ ಹೇಳಿಕೊಳ್ಳುತ್ತಾನೆ.

ದಾರಿಯುದ್ದಕ್ಕೂ ಇಬ್ಬರೂ ಒಬ್ಬರನ್ನೊಬ್ಬರು ದಾಟುವುದರಲ್ಲೇ ಇದ್ದರು. ಮಾಮಾ ಮುಂದಾದಾಗ ನನಗೆ ಚೀಲ ಕಾಣುತ್ತಿತ್ತು, ಕಾಕಾ ಮುಂದಾದಾಗ ಕಾಣುತ್ತಿರಲಿಲ್ಲ. ಹಾಗಾಗಿ ನಾನು ಕುಳಿತ ಜೀಪು ಸೋಲಲಿ ಎಂದು ಹಾರೈಸುತ್ತ ಕುಳಿತೆ. ಒಂದು ಕಡೆ ಬೆಳುಂಕಿಯ ಬೀಗರ ಮನೆಗೆ ಹೊರಟಿದ್ದ ಇಡೀ ಕುಟುಂಬ ಗಂಟುಮೂಟೆ ಸಮೇತ ರಸ್ತೆ ಬದಿಗೆ ನಿಂತು ಕೈ ಮಾಡಿತು. ಬೆಳಿಗ್ಗೆಯಿಂದ ಇಬ್ಬರೂ ಕಾಯುತ್ತಿದ್ದದ್ದು ಇಂಥವರಿಗಾಗಿಯೇ. ಇಬ್ಬರೂ ನಿಲ್ಲಿಸಲಿಲ್ಲ. ಖಾಲಿ ಜೀಪುಗಳು ಒಂದರ ಹಿಂದೊಂದು ಹಾಡುತ್ತ ಹೋಗುವುದನ್ನು ಆ ಕುಟುಂಬ ಕೈ ಇಳಿಸದೆ ನೋಡುತ್ತಿತ್ತು.

ಜತ್ತಿನಲ್ಲಿ ನಗರಕ್ಕೆ ಹೋಗುವ ಬಸ್ಸು ಇನ್ನೇನು ಹೊರಡುವುದರಲ್ಲಿತ್ತು. ಮಾಮಾ ಚೀಲ ಎಸೆದ, ಕಾಕಾ ನನ್ನನ್ನು ತಳ್ಳಿದ, ಚೀಲವೂ ನಾನೂ ಬಸ್ಸಿನ ಮೆಟ್ಟಿಲಿನಲ್ಲಿ ಒಂದಾದೆವು. ಬರುವಾಗ ಪಾಳಿ ನನ್ನದು, ಮರೀಬ್ಯಾಡ ಎಂದು ಮಾಮಾ ಕೂಗಿದ. ಅವ್ವ ಬರಿಗಾಲಿನಲ್ಲಿ ಸ್ಟ್ಯಾಂಡಿನ ಎದುರಿನ ಅಂಗಡಿಗೆ ಹೋಗಿ ಒಂದು ಕಸಬರಿಗೆ ಕೊಳ್ಳುತ್ತಿದ್ದಳು. ಬರಿಗೈಯಲ್ಲಿ ಮರಳಿದರೆ ಕಾಕು ಕೇಳುತ್ತಾಳಲ್ಲ. ತಾನು ಆ ದಿನ ಎಲ್ಲಿಗೂ ಹೋಗಿರಲಿಲ್ಲ ಎಂದು ಆಕೆ ಹೇಳುವಾಗ ನಾನು ಆ ಕಸಬರಿಗೆಯನ್ನು ನೋಡುತ್ತೇನೆ.

ನಾನು ತಡವಾಗಿಯೇ ತಲುಪಿದೆ. ಮಾರ್ಗದರ್ಶಕರು ಸಮಿತಿಯವರಿಗೆ ಮತ್ತೆ ಮತ್ತೆ ಚಹಾ ತರಿಸಿ ಕೂರಿಸಿಕೊಂಡಿದ್ದರು. ನಾನು ಮಂಡಿಸಿದೆ. ಎರಡು ಶಕ್ತಿಗಳಿಂದ ಸಮಾನ ದೂರ ಕಾಯ್ದುಕೊಳ್ಳುವುದು ವ್ಯವಹಾರದಲ್ಲಿ ಸಾಧ್ಯವೇ ಎಂದು ಒಬ್ಬರು ಕೇಳಿದರು. ಆಗ ನಾನು ಬೆಳಗಿನ ಕತೆಯನ್ನೆಲ್ಲ ಹೇಳಿದೆ ಎಂದು ನನ್ನ ನೆನಪು. ಮಾರ್ಗದರ್ಶಕರ ನೆನಪಿನ ಪ್ರಕಾರ ನಾನು ಹೇಳಿದ್ದು ಇಷ್ಟೇ: ಸಾಧ್ಯ ಸರ್, ಆದರೆ ಹೊಟ್ಟೆ ಕೆಡುತ್ತದೆ. ಸಮಿತಿ ಒಪ್ಪಿಗೆ ಕೊಟ್ಟಿತು. ಪಂಚಾಯತ್ ರಾಜ್ ಪ್ರಾಧ್ಯಾಪಕರು ಹೊರಗೆ ನನ್ನ ಭುಜ ಹಿಡಿದುಕೊಂಡು, ನೀವು ಹೇಳಿದ್ದೆಲ್ಲ ಮೂಲತಃ ಸ್ಥಳೀಯ ಆಡಳಿತದ ಸಮಸ್ಯೆ, ಇನ್ನೂ ಕಾಲ ಮಿಂಚಿಲ್ಲ ಎಂದರು. ಇದರಿಂದ ನಾನು ಕತೆ ಹೇಳಿದ್ದೆ ಎಂದೇ ಸಾಬೀತಾಗುತ್ತದೆ ಎಂದು ನನ್ನ ವಾದ.

ಪದವಿ ಬಂತು. ಆದರೆ ಆ ಗಂಟೆಯ ಸದ್ದು ತಲೆಯಿಂದ ಹೋಗಲಿಲ್ಲ. ಕುರಿಗಾರನನ್ನು ಕೇಳಿದೆ. ತನ್ನ ಕುರಿಗಳಿಗೆ ಗಂಟೆ ಕಟ್ಟಿಯೇ ಇಲ್ಲ ಎಂದ. ಹಾಗಾದರೆ ಎಸ್.ಟಿ. ಬಂದಿತ್ತೇ ಎಂದು ಊರಿನಲ್ಲಿ ವಿಚಾರಿಸಿದೆ. ಆ ದಿನ ಬಸ್ಸು ಬರಲೇ ಇಲ್ಲ ಎಂದು ಕಾಕಾ ಹೇಳಿದ, ಮಾಮಾನೂ ಹೇಳಿದ. ಅವರಿಬ್ಬರೂ ಒಪ್ಪಿದ ಮಾತು ನನ್ನ ಜೀವಮಾನದಲ್ಲಿ ಅದೊಂದೇ. ಅದಕ್ಕೇ ನನಗೆ ನಂಬಿಕೆ ಬರಲಿಲ್ಲ.

ಬಹಳ ದಿನದ ನಂತರ ಜತ್ತಿನ ಸ್ಟ್ಯಾಂಡಿನಲ್ಲಿ, ಆಗ ನಮ್ಮ ಕಡೆಯ ಪಾಳಿಯಲ್ಲಿದ್ದ ಕಂಡಕ್ಟರನ್ನು ಹಿಡಿದೆ. ನಮಗೆ ಅವನು ಯಾವ ರೀತಿಯಲ್ಲೂ ಸಂಬಂಧಿಕನಲ್ಲ, ಅದನ್ನು ಮೊದಲೇ ವಿಚಾರಿಸಿಕೊಂಡೆ. ಉಟಗಿಯಲ್ಲಿ ಎಂದಾದರೂ ಬಸ್ಸಿಗೆ ಯಾರೂ ಹತ್ತದೇ ಇದ್ದದ್ದುಂಟೇ ಎಂದಷ್ಟೇ ಕೇಳಿದೆ, ಬೇರೇನೂ ಬಾಯಿ ಬಿಡಲಿಲ್ಲ. ಅವನು ಮರಾಠಿಯಲ್ಲಿ ಹೇಳಿದ: ಒಮ್ಮೆ ಸ್ಟ್ಯಾಂಡಿನಲ್ಲಿ ಎರಡು ಜೀಪು ಅಡ್ಡ ಇದ್ದವು, ನಾವು ಹಿಂದೆ ಶಾಲೆಯ ಹತ್ತಿರ ನಿಲ್ಲಿಸಿದೆವು, ಮುಂದೆ ಏನೋ ಧೂಳು, ಹಾಡು, ಸ್ವಲ್ಪ ಹೊತ್ತು ನೋಡಿದೆವು, ಒಬ್ಬರೂ ಈ ಕಡೆ ತಿರುಗಲಿಲ್ಲ, ಹೊರಡು ಎಂದು ಡಬಲ್ ಬೆಲ್ ಹೊಡೆದು ಬೇರೆ ದಾರಿಯಿಂದ ಜತ್ತಿಗೆ ಬಂದುಬಿಟ್ಟೆವು, ಸೀಟುಗಳೆಲ್ಲ ಖಾಲಿ.

ಅದೇ ದಿನವೆಂದು ಹೇಗೆ ಹೇಳುವುದು ಎಂದು ನಾನು ಯೋಚಿಸುತ್ತಿರುವಾಗ ಅವನು ಟಿಕೆಟ್ ಯಂತ್ರವನ್ನು ಹೆಗಲಿಗೆ ಏರಿಸಿಕೊಳ್ಳುತ್ತ, ಅವತ್ತು ಊರಿಗೆ ಊರೇ ಹೊತ್ತಿದ ಬೇಳೆಯ ವಾಸನೆ ಹೊಡೆಯುತ್ತಿತ್ತು ಎಂದ.